ಮುಚ್ಚಿದ ಓವನ್ ಅಲ್ಲ, ಬಿಚ್ಚಿದ ಓವನ್ ಅಪಾಯ

ಹುಣಸೂರಿನ ಹತ್ತಿರ ನನಗೆ ಬಹಳ ವರ್ಷಗಳಿಂದ ಪರಿಚಯವಿರುವ ಒಂದು ಕುಟುಂಬವಿದೆ. ಮನೆಯ ಹಿರಿಯರಿಗೆ ರಕ್ತದೊತ್ತಡ. ಅವರನ್ನು ನೋಡಲು ಹೋದಾಗಲೆಲ್ಲ ಸೊಸೆ ಕಾಫಿ ಕೊಡುತ್ತಾ ಒಂದಿಲ್ಲೊಂದು ಸಂದೇಹ ಕೇಳುತ್ತಾರೆ. ಈ ಸಲ ಅಡುಗೆಮನೆಯಲ್ಲಿ ಹೊಸ ಮೈಕ್ರೋವೇವ್ ಓವನ್ ಬಂದಿತ್ತು.

‘ಡಾಕ್ಟ್ರೇ, ಇದರಲ್ಲಿ ಬಿಸಿ ಮಾಡಿದ್ದು ತಿಂದ್ರೆ ಕ್ಯಾನ್ಸರ್ ಬರುತ್ತಂತಲ್ಲ, ನಿಜವಾ? ನಾನಂತೂ ಅದನ್ನ ಆನ್ ಮಾಡಿದ ಮೇಲೆ ಅಡುಗೆಮನೇಲೇ ನಿಲ್ಲಲ್ಲ.’

ನಿಜವಲ್ಲ ಎಂದು ಸಮಾಧಾನ ಹೇಳಿ, ಡಿಪ್ಲೊಮಾ ಓದುತ್ತಿರುವ ಮಗನ ಬಗ್ಗೆ ವಿಚಾರಿಸಿದೆ.

‘ತಾರಸಿ ಮೇಲಿದಾನೆ. ಗುಜರಿ ಅಂಗಡಿಯಿಂದ ಹಳೇ ಓವನ್ ತಂದು ಬಿಚ್ಕೊಂಡು ಕೂತಿದಾನೆ. ಅದರಲ್ಲಿ ಏನೋ ರೇಡಿಯೊ ಮಾಡ್ತಾನಂತೆ. ಮೊಬೈಲ್ ನೋಡ್ತಾ ಕೂರೋದಕ್ಕಿಂತ ವಾಸಿ ಅಂತ ನಾವೂ ಸುಮ್ಮನಿದೀವಿ.’

ಕಾಫಿ ಅರ್ಧಕ್ಕೇ ಬಿಟ್ಟು ಮೇಲೆ ಹತ್ತಿದೆ. ಹುಡುಗ ಹೊರಕವಚ ಕಳಚಿ, ಒಳಗಿನ ಭಾರದ ಟ್ರಾನ್ಸ್‌ಫಾರ್ಮರನ್ನೂ ಮ್ಯಾಗ್ನೆಟ್ರಾನ್ ಕೊಳವೆಯನ್ನೂ ಒಂದು ಹಲಗೆಯ ಮೇಲೆ ಜೋಡಿಸಿಟ್ಟಿದ್ದ. ಪ್ಲಗ್ ಇನ್ನೂ ಹಾಕಿರಲಿಲ್ಲ. ಅದು ಆ ಮನೆಯವರ ಪುಣ್ಯ.

ಇದರಿಂದ ಬರುವ ಅಲೆಯನ್ನು ಡಿಶ್ ಆಂಟೆನಾದಿಂದ ಚಂದ್ರನಿಗೆ ತಾಗಿಸಿ ವಾಪಸ್ ಕೇಳಿಸಿಕೊಳ್ಳಬಹುದು ಎಂದು ಅವನು ಉತ್ಸಾಹದಿಂದ ವಿವರಿಸಿದ. ಅಪಾಯವಲ್ಲವೇನಪ್ಪಾ ಎಂದು ಕೇಳಿದ್ದಕ್ಕೆ ನಕ್ಕು, ‘ನಮ್ಮ ತೋಟದ ಸೋಲಾರ್ ಬೇಲೀಲಿ ಎಂಟು ಸಾವಿರ ವೋಲ್ಟ್ ಇದೆ ಸಾರ್. ಎಷ್ಟೋ ಸಲ ಹೊಡೆಸ್ಕೊಂಡಿದೀನಿ, ಏನೂ ಆಗಿಲ್ಲ. ಇದು ಬರೀ ಎರಡು ಸಾವಿರ’ ಎಂದ.

ಈ ವಾರದ ಅಂಕಣ ಬರೆಯುವಂತೆ ಮಾಡಿದ್ದು ಆ ಮಾತು. ತಾಯಿ ಹೆದರಬೇಕಾಗಿಲ್ಲದ ಓವನ್ನಿಗೆ ಹೆದರುತ್ತಿದ್ದರು. ಮಗ ಹೆದರಲೇಬೇಕಾದ ಓವನ್ನಿಗೆ ಹೆದರದೆ ಕುಳಿತಿದ್ದ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಪೇಟೆಗಳಲ್ಲೂ ಈಗ ಓವನ್ ಅಪರೂಪದ ವಸ್ತುವಲ್ಲ. ಬಳಸಿ ಬಿಟ್ಟ ಓವನ್‌ಗಳು ಗುಜರಿ ಸೇರುತ್ತಿವೆ. ಅವನ್ನು ಬಿಚ್ಚಿ ಏನೇನು ಮಾಡಬಹುದೆಂದು ತೋರಿಸುವ ವಿಡಿಯೊಗಳು ಪ್ರತಿ ಮನೆಯ ಮೊಬೈಲಿನಲ್ಲೂ ಸಿಗುತ್ತವೆ.

ಏನಿದು ಮ್ಯಾಗ್ನೆಟ್ರಾನ್?

ಇದು ಅಡುಗೆಗಾಗಿ ಹುಟ್ಟಿದ ಸಾಧನವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬ ವಿಜ್ಞಾನಿಗಳು ವಿಮಾನ, ಹಡಗುಗಳನ್ನು ದೂರದಿಂದಲೇ ಪತ್ತೆಹಚ್ಚುವ ರಾಡಾರ್‌ಗಾಗಿ ಶಕ್ತಿಶಾಲಿ ಮ್ಯಾಗ್ನೆಟ್ರಾನನ್ನು ರೂಪಿಸಿದರು. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರ್, ಕೆಲಸ ಮಾಡುತ್ತಿದ್ದ ಮ್ಯಾಗ್ನೆಟ್ರಾನ್ ಎದುರು ನಿಂತಾಗ ತಮ್ಮ ಜೇಬಿನಲ್ಲಿದ್ದ ಮಿಠಾಯಿ ಕರಗಿದ್ದನ್ನು ಗಮನಿಸಿದರು. ಮೈಕ್ರೋವೇವ್ ಓವನ್ ಹುಟ್ಟಿದ್ದು ಹೀಗೆ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲೂ ರಾಡಾರ್‌ಗೆಂದು ಮ್ಯಾಗ್ನೆಟ್ರಾನ್‌ಗಳು ತಯಾರಾಗಿವೆ.

ಅದರ ನಡುವೆ ಕಾದು ಕೆಂಪಾಗುವ ಒಂದು ತಂತಿ, ಸುತ್ತ ಗೂಡುಗಳನ್ನು ಕೊರೆದ ತಾಮ್ರದ ದಿಂಡು, ಮೇಲೆ ಕೆಳಗೆ ಅಯಸ್ಕಾಂತ. ತಂತಿಯಿಂದ ಹೊಮ್ಮಿದ ಎಲೆಕ್ಟ್ರಾನ್‌ಗಳು ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಸುತ್ತುತ್ತಾ ಗೂಡುಗಳ ಬಾಯಿಯನ್ನು ಹಾದುಹೋಗುತ್ತವೆ. ಕೊಳಲಿನ ರಂಧ್ರಕ್ಕೆ ಗಾಳಿ ಊದಿದರೆ ಸ್ವರ ಹೊರಡುವಂತೆ ಇಲ್ಲಿ ರೇಡಿಯೊ ಅಲೆ ಹೊರಡುತ್ತದೆ. ಮನೆಯ ಓವನ್ನಿನಲ್ಲಿ ಅದರ ಕಂಪನ ಸೆಕೆಂಡಿಗೆ ಸುಮಾರು 245 ಕೋಟಿ ಬಾರಿ. ಶಕ್ತಿ ಸುಮಾರು 700ರಿಂದ 1000 ವ್ಯಾಟ್. ಇಷ್ಟು ಶಕ್ತಿಯ ಪ್ರಸಾರಕವನ್ನು ಅಂಗಡಿಯಲ್ಲಿ ಕೊಳ್ಳಹೋದರೆ ಬಹಳ ದುಬಾರಿ. ಗುಜರಿಯಲ್ಲಿ ಪುಡಿಗಾಸಿಗೆ ಸಿಗುತ್ತದೆ. ರೇಡಿಯೊ ಹುಚ್ಚಿನ ಹುಡುಗರ ಕಣ್ಣು ಅದರ ಮೇಲೆ ಬೀಳುವುದು ಇದೇ ಕಾರಣಕ್ಕೆ.

ಬೇಲಿಯ ಲೆಕ್ಕವೇ ಬೇರೆ

ಹುಡುಗನ ವಾದಕ್ಕೆ ಬರೋಣ. ಕಾಡಂಚಿನಲ್ಲಿ ಆನೆ, ಹಂದಿ ಬರದಂತೆ ಹಾಕುವ ಸೋಲಾರ್ ಬೇಲಿಯಲ್ಲಿ ಎಂಟು ಸಾವಿರ ವೋಲ್ಟ್ ಇರುವುದು ನಿಜ. ಆದರೆ ಅದು ಬರುವುದು ಮಿಡಿತದ ಹಾಗೆ. ನಿಯಮದ ಪ್ರಕಾರ ಒಂದು ಮಿಡಿತ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಇರಕೂಡದು. ಎರಡು ಮಿಡಿತಗಳ ನಡುವೆ ಕನಿಷ್ಠ ಒಂದು ಸೆಕೆಂಡ್ ಬಿಡುವು ಇರಬೇಕು. ಮುಟ್ಟಿದವನು ಬೆಚ್ಚಿ ಕೈ ತೆಗೆಯಲು ಆ ಬಿಡುವು ಸಾಕು. ಆನೆಯನ್ನು ಹೆದರಿಸಬೇಕು, ಕೊಲ್ಲಬಾರದು ಎಂಬ ಉದ್ದೇಶದಿಂದಲೇ ಅದನ್ನು ಹಾಗೆ ಮಾಡಿರುತ್ತಾರೆ.

ಅದೇ ಬೇಲಿಗೆ ಕಂಬದಿಂದ ನೇರವಾಗಿ ಕರೆಂಟ್ ಕೊಟ್ಟರೆ? ಬರೀ 230 ವೋಲ್ಟ್. ಆದರೂ ಆನೆ ಸಾಯುತ್ತದೆ, ಬೆಳಗಿನ ಜಾವ ನೀರು ಕಟ್ಟಲು ಹೋದ ರೈತನೂ ಸಾಯುತ್ತಾನೆ. ಇಂಥ ಸುದ್ದಿ ನಮ್ಮ ಭಾಗದವರಿಗೆ ಹೊಸದಲ್ಲ. ಎಂಟು ಸಾವಿರ ಕೊಲ್ಲಲಿಲ್ಲ, ಇನ್ನೂರ ಮೂವತ್ತು ಕೊಂದಿತು! ವೋಲ್ಟ್ ಒಂದನ್ನೇ ನೋಡಿದರೆ ಸಾಲದು. ದೇಹದೊಳಗೆ ಎಷ್ಟು ವಿದ್ಯುತ್ ಹರಿಯಿತು, ಎಷ್ಟು ಹೊತ್ತು ಹರಿಯಿತು, ಎದೆಯನ್ನು ಹಾದು ಹೋಯಿತೇ ಎಂಬುದೇ ಮುಖ್ಯ.

ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಒಂದೆರಡು ಸೆಕೆಂಡ್ ಎದೆಯ ಮೂಲಕ ಹರಿದರೂ ಹೃದಯದ ಲಯ ತಪ್ಪಬಹುದು. ಹೃದಯ ಬಡಿಯುವುದನ್ನು ಬಿಟ್ಟು ಸುಮ್ಮನೆ ಅದುರತೊಡಗುತ್ತದೆ, ರಕ್ತ ಮುಂದೆ ಹೋಗುವುದಿಲ್ಲ. ಓವನ್ನಿನ ಟ್ರಾನ್ಸ್‌ಫಾರ್ಮರ್ ಸುಮಾರು ಎರಡು ಸಾವಿರ ವೋಲ್ಟನ್ನು ಬಿಡುವಿಲ್ಲದೆ ಕೊಡುತ್ತದೆ. ಅದರ ಜೊತೆ ಇದರ ಹಲವು ಪಟ್ಟು ವಿದ್ಯುತ್ತನ್ನೂ ಕೊಡಬಲ್ಲದು. ಕೈ ತೆಗೆಯಲು ಬಿಡುವಿಲ್ಲ. ಸ್ನಾಯುಗಳು ಸೆಟೆದುಕೊಂಡು ಬೆರಳುಗಳೇ ತಂತಿಯನ್ನು ಬಿಗಿಯಾಗಿ ಹಿಡಿದುಬಿಡುತ್ತವೆ.

‘ನಮ್ಮ ಮನೆಗೆ ಶಾಕ್ ಹೊಡೆದರೆ ತಾನಾಗಿ ಆಫ್ ಆಗುವ ಸ್ವಿಚ್ ಹಾಕಿಸಿದ್ದೇವೆ’ ಎನ್ನುವವರು ಇದನ್ನು ಗಮನಿಸಬೇಕು. ಆ ಉಪಕರಣ ಮನೆಯ ವೈರಿಂಗ್‌ನಿಂದ ಭೂಮಿಗೆ ಸೋರುವ ವಿದ್ಯುತ್ತನ್ನು ಗುರುತಿಸುತ್ತದೆ. ಟ್ರಾನ್ಸ್‌ಫಾರ್ಮರಿನ ಎರಡನೇ ಸುರುಳಿಗೂ ಮನೆಯ ವೈರಿಂಗ್‌ಗೂ ನೇರ ಸಂಬಂಧವಿಲ್ಲ. ಅಲ್ಲಿಂದ ಮನುಷ್ಯನ ಮೈಗೆ ಹರಿದದ್ದು ಆ ಸ್ವಿಚ್ಚಿಗೆ ತಿಳಿಯುವುದೇ ಇಲ್ಲ. ಮನೆಯ ದೀಪವೂ ಆರುವುದಿಲ್ಲ.

ಓವನ್ನಿನೊಳಗೆ ಡಬ್ಬಿಯಂಥ ಕೆಪಾಸಿಟರ್ ಕೂಡ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ಅದನ್ನು ಇಳಿಸಲೆಂದೇ ಒಳಗೊಂದು ಪ್ರತಿರೋಧಕ ಇಟ್ಟಿರುತ್ತಾರೆ. ಹಳೆಯ, ಕೆಟ್ಟ ಓವನ್ನಿನಲ್ಲಿ ಅದೇ ಕೆಟ್ಟಿರಬಾರದೆಂದೇನಿದೆ?

ಇದೇ ಟ್ರಾನ್ಸ್‌ಫಾರ್ಮರ್ ಬಳಸಿ ಮರದ ಹಲಗೆಯ ಮೇಲೆ ಮಿಂಚಿನಂಥ ಚಿತ್ತಾರ ಸುಡುವ ಇನ್ನೊಂದು ಗೀಳೂ ವಿಡಿಯೊಗಳಿಂದ ಹಬ್ಬಿದೆ. ಅಮೆರಿಕದಲ್ಲಿ ಇದಕ್ಕೆ ಮೂವತ್ತಕ್ಕೂ ಹೆಚ್ಚು ಜನ ಬಲಿಯಾಗಿದ್ದಾರೆ. ಅಲ್ಲಿನ ಮರ ಕಡೆಯುವ ಕುಶಲಿಗಳ ಸಂಘ ತನ್ನ ಪ್ರದರ್ಶನಗಳಲ್ಲಿ ಈ ಪದ್ಧತಿಯನ್ನೇ ನಿಷೇಧಿಸಿದೆ. ಸತ್ತವರಲ್ಲಿ ಕೈಕೆಲಸ ಬಲ್ಲ ವಯಸ್ಕರೂ ಇದ್ದರು.

ನೋವಾಗುವ ಮೊದಲೇ ಬೇಯುವ ಕಣ್ಣು

ಇನ್ನು ಅಲೆಯ ವಿಚಾರ. ಮೈಕ್ರೋವೇವ್ ಎಂದರೆ ಎಕ್ಸ್‌ರೇ ಅಲ್ಲ. ಅದು ಜೀವಕೋಶದ ವಂಶವಾಹಿಗಳನ್ನು ಮುರಿಯುವುದಿಲ್ಲ. ಅದು ಮಾಡುವುದು ಬಿಸಿ ಮಾಡುವ ಕೆಲಸ ಮಾತ್ರ. ಆದರೆ ಅನ್ನ ಯಾವುದು, ಕೈ ಯಾವುದು ಎಂಬ ಭೇದ ಅದಕ್ಕಿಲ್ಲ.

ಒಲೆಯ ಕೆಂಡ ತಾಗಿದರೆ ಚರ್ಮ ತಕ್ಷಣ ಉರಿಯುತ್ತದೆ, ನಾವು ಕೈ ಎಳೆದುಕೊಳ್ಳುತ್ತೇವೆ. ಈ ಅಲೆ ಚರ್ಮದ ಕೆಳಗೆ ಒಂದೆರಡು ಸೆಂಟಿಮೀಟರ್ ಆಳಕ್ಕೆ ಇಳಿದು ಅಲ್ಲಿಯ ಮಾಂಸವನ್ನು ಬಿಸಿ ಮಾಡುತ್ತದೆ. ಬಿಸಿಯನ್ನು ಅರಿಯುವ ನರಗಳ ತುದಿ ಹೆಚ್ಚಾಗಿ ಇರುವುದು ಚರ್ಮದಲ್ಲಿ. ಆದ್ದರಿಂದ ಉರಿ ಗೊತ್ತಾಗುವ ಹೊತ್ತಿಗೆ ಒಳಗೆ ಹಾನಿಯಾಗಿರಬಹುದು.

ಎಲ್ಲಕ್ಕಿಂತ ದುರ್ಬಲವಾದದ್ದು ಕಣ್ಣಿನ ಮಸೂರ. ದೇಹದ ಬೇರೆ ಭಾಗ ಬಿಸಿಯಾದರೆ ಹರಿಯುವ ರಕ್ತ ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ಮಸೂರಕ್ಕೆ ರಕ್ತನಾಳಗಳೇ ಇಲ್ಲ. ಮೊಟ್ಟೆಯ ಬಿಳಿ ಬೆಂದಾಗ ಹೇಗೆ ಬೆಳ್ಳಗಾಗುತ್ತದೋ ಹಾಗೆ ಮಸೂರದ ಪ್ರೋಟೀನ್ ಕೂಡ ಮಬ್ಬಾಗಿ ಪೊರೆ ಬರಬಹುದು. ಮೈಕ್ರೋವೇವ್ ಯಂತ್ರದೊಂದಿಗೆ ಕೆಲಸ ಮಾಡುತ್ತಿದ್ದ ತಂತ್ರಜ್ಞನೊಬ್ಬನ ಎರಡೂ ಕಣ್ಣಿಗೆ ಪೊರೆ ಬಂದದ್ದು 1952ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಪುರುಷರ ವೃಷಣಗಳಿಗೂ ಬಿಸಿ ಒಳ್ಳೆಯದಲ್ಲ.

ಬಯಲಿಗೆ ತಂದ ಮ್ಯಾಗ್ನೆಟ್ರಾನ್ ಮುಂದೆ ಕುಳಿತು ‘ಕೆಲಸ ಮಾಡುತ್ತಿದೆಯೇ’ ಎಂದು ಬಗ್ಗಿ ನೋಡುವುದೆಂದರೆ ಕಣ್ಣನ್ನೇ ಓವನ್ನಿನೊಳಗೆ ಇಟ್ಟಂತೆ. ಅಲೆ ಕಾಣುವುದಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಅದನ್ನು ಡಿಶ್‌ನಿಂದ ಒಂದೇ ಕಡೆಗೆ ಕೇಂದ್ರೀಕರಿಸಿದರೆ ಎದುರು ತಾರಸಿಯಲ್ಲಿ ಬಟ್ಟೆ ಒಣಹಾಕುವವರಿಗೂ ಅಪಾಯ.

ಇನ್ನೊಂದು ಎಚ್ಚರಿಕೆ: ಕೊಳವೆಯ ಪಿಂಗಾಣಿ ಭಾಗವನ್ನು ಸುತ್ತಿಗೆಯಿಂದ ಒಡೆಯಬೇಡಿ. ಹೆಚ್ಚು ಶಕ್ತಿಯ ಕೆಲವು ಕೊಳವೆಗಳಲ್ಲಿ ಬೆರಿಲಿಯಂ ಆಕ್ಸೈಡ್ ಎಂಬ ವಸ್ತು ಬಳಸಿರುತ್ತಾರೆ. ಅದರ ಪುಡಿ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಬರಬಹುದು. ನಿಮ್ಮ ಕೈಯಲ್ಲಿರುವುದು ಯಾವ ಬಗೆಯದೆಂದು ನೋಡಿ ಹೇಳಲಾಗದು. ಗುಜರಿ ಅಂಗಡಿಯಲ್ಲಿ ಕೆಲಸ ಮಾಡುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಹಾಗಾದರೆ ಅಡುಗೆಮನೆಯ ಓವನ್?

ತಾಯಂದಿರು ಹೆದರಬೇಕಾಗಿಲ್ಲ. ಅದರ ಉಕ್ಕಿನ ಪೆಟ್ಟಿಗೆಯೂ ಬಾಗಿಲ ಗಾಜಿನ ಹಿಂದಿನ ಜಾಲರಿಯೂ ಅಲೆಯನ್ನು ಒಳಗೇ ತಡೆಯುತ್ತವೆ. ಬಾಗಿಲು ತೆರೆದ ಕ್ಷಣವೇ ಮ್ಯಾಗ್ನೆಟ್ರಾನ್ ನಿಲ್ಲುತ್ತದೆ. ಐದು ಸೆಂಟಿಮೀಟರ್ ದೂರದಲ್ಲಿ ಒಂದು ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್‌ಗಿಂತ ಹೆಚ್ಚು ಸೋರಕೂಡದು ಎಂಬ ಮಿತಿ ಅಮೆರಿಕದಲ್ಲಿ 1971ರಿಂದಲೇ ಇದೆ. ದೂರ ಹೋದಷ್ಟೂ ಅದು ಬೇಗ ಬೇಗ ತಗ್ಗುತ್ತದೆ. ಅದರಲ್ಲಿ ಬಿಸಿ ಮಾಡಿದ ಊಟದಲ್ಲಿ ಯಾವ ವಿಕಿರಣವೂ ಉಳಿಯುವುದಿಲ್ಲ. ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಕೂರದಿದ್ದರೆ ಮಾತ್ರ ಬಳಸಬೇಡಿ. ಮುಚ್ಚಿದ ಓವನ್ ಪಳಗಿಸಿದ ಆನೆಯಂತೆ. ಬಿಚ್ಚಿದ ಓವನ್ ಸರಪಳಿ ಕಿತ್ತ ಆನೆ.

ದೂರ ತಲುಪಲು ಬೇಕಾದದ್ದು ಶಕ್ತಿಯಲ್ಲ

ಇಷ್ಟು ಹೇಳಿದ ಮೇಲೆ, ‘ರೇಡಿಯೊನೂ ಬೇಡ, ಏನೂ ಬೇಡ, ಪುಸ್ತಕ ಹಿಡಿ’ ಎಂದು ಮಗನನ್ನು ಗದರಬೇಡಿ. ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊ, ಬಹಳ ಒಳ್ಳೆಯ ಹವ್ಯಾಸ. ಮೈಸೂರು ಸೀಮೆಗೆ ಅದರ ದೊಡ್ಡ ಪರಂಪರೆಯೇ ಇದೆ. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರಸಾರ ಕೇಂದ್ರ ಆರಂಭಿಸಿದರು. ಇಡೀ ದೇಶದ ಬಾನುಲಿಗೆ ಮುಂದೆ ಅಂಟಿದ ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ಕೇಂದ್ರದ್ದು.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ಅಂಡಮಾನ್‌ನ ದೂರವಾಣಿಗಳು ಕೈಕೊಟ್ಟಾಗ, ಹವ್ಯಾಸಕ್ಕೆಂದು ಪೋರ್ಟ್‌ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ತಮ್ಮ ಸೆಟ್ಟಿನಿಂದಲೇ ಹೊರಜಗತ್ತಿಗೆ ಸುದ್ದಿ ತಲುಪಿಸಿದರು. ಅವರ ಬಳಿ ಇದ್ದದ್ದು ಹವ್ಯಾಸಿಗಳ ಸಾಮಾನ್ಯ ಉಪಕರಣವೇ ಹೊರತು ಓವನ್ನಿನಿಂದ ಕಿತ್ತ ಕೊಳವೆಯಲ್ಲ. ಹ್ಯಾಮ್‌ಗಳ ಸಾಮಾನ್ಯ ಸೆಟ್ಟಿನ ಶಕ್ತಿ ನೂರು ವ್ಯಾಟ್. ಬರೀ ಐದು ವ್ಯಾಟ್‌ನಲ್ಲಿ ಖಂಡಾಂತರ ಮಾತಾಡುವವರಿದ್ದಾರೆ. ಅದಕ್ಕೆ ಬೇಕಾದದ್ದು ಒಳ್ಳೆಯ ಆಂಟೆನಾ, ಸರಿಯಾದ ಹೊತ್ತು, ತಾಳ್ಮೆಯ ಕಿವಿ.

ಓವನ್ನಿನ ಮ್ಯಾಗ್ನೆಟ್ರಾನ್ ಇದ್ದಹಾಗೆ ಒಳ್ಳೆಯ ಪ್ರಸಾರಕವೂ ಅಲ್ಲ. ಅದರ ಕಂಪನ ಒಂದೆಡೆ ನಿಲ್ಲದೆ ಅತ್ತಿತ್ತ ಅಲೆದಾಡುತ್ತದೆ. ಅನ್ನ ಬಿಸಿ ಮಾಡಲು ಅಷ್ಟು ಸಾಕು, ಸಂದೇಶ ಕಳಿಸಲು ಸಾಲದು. ಇನ್ನೊಂದು ಸ್ಥಿರವಾದ ಸಂಕೇತವನ್ನು ಅದರೊಳಗೆ ಹಾಯಿಸಿ, ಆ ಲಯಕ್ಕೆ ಕಟ್ಟಿಹಾಕಿ ಬಳಸುವ ವಿಧಾನವಿದೆ. ಪಳಗಿದ ಹ್ಯಾಮ್‌ಗಳು, ಪ್ರಯೋಗಾಲಯದವರು ಅದನ್ನು ಮಾಡುತ್ತಾರೆ. ಅವರು ಎಲ್ಲವನ್ನೂ ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿ, ಮುಚ್ಚಳ ತೆರೆದರೆ ವಿದ್ಯುತ್ ತಾನಾಗಿ ಕಡಿಯುವಂತೆ ಮಾಡಿ, ಅಳೆಯುವ ಉಪಕರಣ ಇಟ್ಟುಕೊಂಡು, ಎಂದೂ ಒಬ್ಬರೇ ಇರದೆ ಕೆಲಸ ಮಾಡುತ್ತಾರೆ. ವಿಡಿಯೊದಲ್ಲಿ ಇದ್ಯಾವುದೂ ಕಾಣುವುದಿಲ್ಲ, ಮಿಂಚು ಮಾತ್ರ ಕಾಣುತ್ತದೆ. ಅಲ್ಲದೆ ವೈಫೈ, ಬ್ಲೂಟೂತ್‌ಗಳು ಬಳಸುವುದೂ ಇದೇ ಅಲೆಗಳ ಪಟ್ಟಿಯನ್ನು. ತಾರಸಿಯ ಈ ಪ್ರಯೋಗ ಅಕ್ಕಪಕ್ಕದವರ ಸಂಪರ್ಕವನ್ನೂ ಕೆಡಿಸುತ್ತದೆ. ಪರವಾನಗಿ ಇಲ್ಲದೆ ಹೀಗೆ ಪ್ರಸಾರ ಮಾಡುವುದು ಅಪರಾಧವೂ ಹೌದು.

ಶಾಕ್ ಹೊಡೆದಾಗ ಏನು ಮಾಡಬೇಕು?

ಮೈಸೂರಿನ ದೊಡ್ಡಾಸ್ಪತ್ರೆಗೆ ಹುಣಸೂರಿನಿಂದ ಸುಮಾರು 45 ಕಿಲೋಮೀಟರ್. ಎಚ್.ಡಿ. ಕೋಟೆ, ಪಿರಿಯಾಪಟ್ಟಣ ಇನ್ನೂ ದೂರ. ತಾಲ್ಲೂಕು ಆಸ್ಪತ್ರೆಗೂ ಹಳ್ಳಿಯಿಂದ ಅರ್ಧ ಗಂಟೆ ಬೇಕು. ನಿಂತ ಹೃದಯ ಅಷ್ಟು ಹೊತ್ತು ಕಾಯುವುದಿಲ್ಲ. ನಾಲ್ಕೈದು ನಿಮಿಷದಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಆದ್ದರಿಂದ ಮನೆಯವರೇ ಇದನ್ನು ತಿಳಿದಿರಬೇಕು.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಅದಕ್ಕೂ ಮುಂಚೆ ಬಿದ್ದವನನ್ನು ಮುಟ್ಟಬೇಡಿ. ಕೋಲಿನಿಂದ ಸರಿಸುತ್ತೇನೆಂದೂ ಹೋಗಬೇಡಿ, ಸಾವಿರಾರು ವೋಲ್ಟಿಗೆ ಹಸಿ ಕೋಲು ತಡೆಯಲ್ಲ. 108ಕ್ಕೆ ಫೋನ್ ಮಾಡಿಸಿ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಬಿದ್ದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ನಿಮಗೆ ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ.

ಪ್ರಜ್ಞೆ ಇದ್ದು, ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ಸುಟ್ಟ ಗಾಯವಷ್ಟೇ ಇದ್ದರೂ ಆಸ್ಪತ್ರೆಗೆ ಹೋಗಲೇಬೇಕು. ವಿದ್ಯುತ್ ಸುಟ್ಟ ಗಾಯ ಹೊರಗೆ ಚಿಕ್ಕದು, ಒಳಗೆ ದೊಡ್ಡದು. ಬೆಂದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸಬಹುದು. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದೇ ಸೂಚನೆ. ಹೃದಯದ ಲಯ ನೋಡಲು ಇ.ಸಿ.ಜಿ. ಆಗಬೇಕು. ತಿಂಗಳುಗಳ ನಂತರ ಕಣ್ಣಿಗೆ ಪೊರೆ ಬರುವುದೂ ಉಂಟು. ಗಾಯಕ್ಕೆ ಶಾಯಿ, ಅರಿಶಿನ, ಟೂತ್‌ಪೇಸ್ಟ್ ಹಚ್ಚಬೇಡಿ. ಹರಿಯುವ ತಣ್ಣೀರು ಬಿಟ್ಟು, ಶುದ್ಧ ಬಟ್ಟೆ ಮುಚ್ಚಿ ಕರೆದೊಯ್ಯಿರಿ.

ನನ್ನ ಅಭಿಪ್ರಾಯ

ಈ ವಿಷಯದಲ್ಲಿ ಹುಡುಗರನ್ನೇ ಬೈದು ಪ್ರಯೋಜನವಿಲ್ಲ. ಕುತೂಹಲ ಇರುವ ಹುಡುಗನಿಗೆ ನಾವು ಬೇರೆ ದಾರಿ ತೋರಿಸಿಲ್ಲ, ಅದಕ್ಕೇ ಅವನು ಗುಜರಿಗೆ ಹೋಗುತ್ತಾನೆ.

ಓವನ್ ರಿಪೇರಿ ಮಾಡುವವರು ಕೆಟ್ಟ ಓವನ್ನನ್ನು ಗುಜರಿಗೆ ಹಾಕುವ ಮೊದಲು ಕೆಪಾಸಿಟರನ್ನು ಖಾಲಿ ಮಾಡಿ, ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಕತ್ತರಿಸಿ ಹಾಕಲಿ. ಎರಡು ನಿಮಿಷದ ಕೆಲಸ. ತಾಮ್ರದ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ, ಯಾರದೋ ಮನೆಯ ಮಗ ಉಳಿಯುತ್ತಾನೆ. ಗುಜರಿಯವರು ಇಂಥ ವಸ್ತುವನ್ನು ಹುಡುಗರ ಕೈಗೆ ಬಿಡಿಯಾಗಿ ಮಾರಬಾರದು. ಪ್ರೌಢಶಾಲೆ, ಕಾಲೇಜಿನ ವಿಜ್ಞಾನ ಮೇಷ್ಟರುಗಳು ವಾರಕ್ಕೊಂದು ಗಂಟೆ ರೇಡಿಯೊ ಕಟ್ಟುವ ಪಾಠ ಇಟ್ಟುಕೊಂಡರೆ ಎಷ್ಟು ಚೆನ್ನ! ಒಂದು ಸಣ್ಣ ಬ್ಯಾಟರಿಯ ರೇಡಿಯೊ ಕಟ್ಟಿ, ರಾತ್ರಿ ದೂರದ ಯಾವುದೋ ನಿಲಯ ಕೇಳಿಸಿದಾಗ ಆಗುವ ಸಂತೋಷ ಸಣ್ಣದಲ್ಲ. 12 ವರ್ಷ ತುಂಬಿದವರು ಹ್ಯಾಮ್ ಪರೀಕ್ಷೆಗೆ ಕೂರಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದಕ್ಕೆ ತರಬೇತಿ ಕೊಡುತ್ತಾ ಬಂದಿದೆ.

ತಂದೆತಾಯಿಗಳಿಗೆ ಒಂದು ಮಾತು. ‘ಮೊಬೈಲ್ ನೋಡೋದಕ್ಕಿಂತ ವಾಸಿ’ ಎಂದು ಸುಮ್ಮನಾಗಬೇಡಿ. ಮಗ ಏನು ಬಿಚ್ಚುತ್ತಿದ್ದಾನೆ ಎಂದು ಹತ್ತಿರ ಕೂತು ಕೇಳಿ. ಅವನ ಉತ್ತರ ಅರ್ಥವಾಗದಿದ್ದರೆ ಬಲ್ಲವರನ್ನು ಕರೆದು ತೋರಿಸಿ.

ಆ ದಿನ ತಾರಸಿಯಲ್ಲಿ ನಾನು ಹುಡುಗನಿಗೆ ಬೇಲಿಯ ಲೆಕ್ಕ ವಿವರಿಸಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಯಾರೂ ಇದನ್ನ ಹೇಳೇ ಇರಲಿಲ್ಲ ಸಾರ್’ ಎಂದ. ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಅವನ ಕೈಯಲ್ಲೇ ಕತ್ತರಿಸಿಸಿದೆ. ಮ್ಯಾಗ್ನೆಟ್ರಾನ್ ಮಾತ್ರ ಅವನ ಮೇಜಿನ ಮೇಲೆ ಹಾಗೇ ಇದೆ, ನೋಡುವುದಕ್ಕೆ. ಕೆಳಗೆ ಬಂದಾಗ ಕಾಫಿ ಆರಿಹೋಗಿತ್ತು. ಅವರ ತಾಯಿ ಅದನ್ನು ಓವನ್ನಿನಲ್ಲೇ ಬಿಸಿ ಮಾಡಿ ಕೊಟ್ಟರು. ಈ ಸಲ ಅಡುಗೆಮನೆ ಬಿಟ್ಟು ಹೊರಗೆ ಓಡಲಿಲ್ಲ.